ರೈಜನ್ 5 5600 ಹಾಕಲೇ, ಐ5-12400ಕ್ಕೆ ಹೋಗಲೇ? ಮದುವೆ ವಿಡಿಯೊ ಎಡಿಟಿಂಗ್‌ಗೆ ಯಾವುದು?

ಅರಸೀಕೆರೆ ಸ್ಟುಡಿಯೊ

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆಯಲ್ಲಿ ಚಿಕ್ಕ ಫೋಟೊ ಸ್ಟುಡಿಯೊ. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲವನ್ನೂ ನಾವೇ ಶೂಟ್ ಮಾಡಿ ನಾವೇ ಎಡಿಟ್ ಮಾಡಿ ಕೊಡುತ್ತೇವೆ. ಈಗಿರುವ ಮೆಷಿನ್: ರೈಜನ್ 5 2600, ಬಿ450 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1650 ಕಾರ್ಡ್. ಫುಲ್ ಎಚ್‌ಡಿ ಕೆಲಸಕ್ಕೆ ಇದು ತಕರಾರಿಲ್ಲದೆ ದುಡಿಯಿತು. ಸೋನಿ ಎ7 ಫೋರ್ ಕ್ಯಾಮೆರಾ ತಂದು 4ಕೆ ಶುರು ಮಾಡಿದ ಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಟೈಮ್‌ಲೈನ್ ತೆವಳುತ್ತಿದೆ. ಧಾರೆಯ ಶಾಟ್ ಪ್ಲೇ ಮಾಡಿದರೆ ವಾಲಗದ ಸದ್ದು ಮುಂದೆ ಓಡುತ್ತದೆ, ಚಿತ್ರ ಅಲ್ಲೇ ನಿಂತಿರುತ್ತದೆ. ಸ್ವಲ್ಪ ಹಿಂದಕ್ಕೆ ಎಳೆದು ನೋಡೋಣ ಎಂದರೆ ಇನ್ನೂ ಕಷ್ಟ.

ಎರಡು ದಾರಿ ಕಾಣುತ್ತಿವೆ. ಒಂದು, ಇದೇ ಬೋರ್ಡಿಗೆ ರೈಜನ್ 5 5600 ಕೂರಿಸುವುದು. ಇನ್ನೊಂದು, ಬೋರ್ಡ್ ಸಮೇತ ಬದಲಿಸಿ ಇಂಟೆಲ್ ಐ5-12400ಕ್ಕೆ ಹೋಗುವುದು. ಅಂಗಡಿಯವರು ಇಂಟೆಲ್ ಅಂತಾರೆ, ಬೆಂಗಳೂರಿನಲ್ಲಿರುವ ಭಾವಮೈದ ಎಎಂಡಿ ಅಂತಾನೆ. ಯೂಟ್ಯೂಬ್‌ನಲ್ಲಿ ನೋಡಿದರೆ ಎಲ್ಲರೂ ಗೇಮ್ ಓಡಿಸಿ ಫ್ರೇಮ್ ಎಣಿಸುತ್ತಾರೆ. ನನಗೆ ಗೇಮ್ ಬೇಡ, ಎಡಿಟಿಂಗ್ ಸುಗಮವಾಗಬೇಕು ಅಷ್ಟೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆ ಬಿಡುವಿನಲ್ಲೇ ಬದಲಿಸಬೇಕು. ದಯವಿಟ್ಟು ತಿಳಿದವರು ಹೇಳಿ.

ಎಸ್‌ಪಿ ರೋಡ್ ಸುತ್ತಾಟ

ಸರ್, ಕಾಗದದ ಮೇಲೆ ಎರಡೂ ಸಮಸಮ. ಎರಡಕ್ಕೂ 6 ಕೋರ್, 12 ಥ್ರೆಡ್. ಎರಡೂ 4.4 ಗಿಗಾಹರ್ಟ್ಸ್‌ವರೆಗೆ ಏರುತ್ತವೆ. ಎರಡೂ 2022ರಲ್ಲಿ ಬಂದವು, ಇಂಟೆಲ್‌ನದು ಜನವರಿಯಲ್ಲಿ, ಎಎಂಡಿಯದು ಏಪ್ರಿಲ್‌ನಲ್ಲಿ. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 5600ಕ್ಕೆ 32 ಎಂಬಿ, 12400ಕ್ಕೆ 18 ಎಂಬಿ. ಒಂದೊಂದೇ ಕೋರ್ ಹಿಡಿದು ನೋಡಿದರೆ 12400 ಸ್ವಲ್ಪ ಚುರುಕು. ಸಿನಿಬೆಂಚ್ ಆರ್23 ಎಂಬ ವೇಗ ಪರೀಕ್ಷೆಯಲ್ಲಿ ಎಲ್ಲಾ ಕೋರ್ ಸೇರಿ 12400 ಸುಮಾರು 12 ಸಾವಿರದ ಆಸುಪಾಸು, 5600 ಸುಮಾರು 11 ಸಾವಿರದ ಆಸುಪಾಸು ಬರುತ್ತದೆ. ಕರೆಂಟ್ ವಿಷಯಕ್ಕೆ ಬಂದರೆ ಎರಡರ ಡಬ್ಬದ ಮೇಲೂ 65 ವ್ಯಾಟ್ ಅಂತಲೇ ಇರುತ್ತದೆ. ಆದರೆ 5600ರ ಮಿತಿ 76 ವ್ಯಾಟ್, 12400 ಟರ್ಬೊದಲ್ಲಿ 117 ವ್ಯಾಟ್‌ವರೆಗೆ ಎಳೆಯಬಹುದು.

ನಿಮ್ಮ 2600ಕ್ಕೆ ಹೋಲಿಸಿದರೆ ಎರಡೂ ದೊಡ್ಡ ಜಿಗಿತವೇ. 2600ರಲ್ಲಿ ಮೂರು ಮೂರು ಕೋರ್‌ಗಳ ಎರಡು ಗುಂಪು, ಒಂದೊಂದು ಗುಂಪಿಗೆ 8 ಎಂಬಿ ಕ್ಯಾಶ್. 5600ರಲ್ಲಿ ಆರೂ ಕೋರ್ ಒಂದೇ ಗುಂಪು, 32 ಎಂಬಿ ಪೂರ್ತಿ ಎಲ್ಲರಿಗೂ. ನನ್ನ ಮತ 12400ಕ್ಕೆ, ಅಂಕ ಹೆಚ್ಚಿದೆಯಲ್ಲ.

ಹುಬ್ಬಳ್ಳಿ ಹಾರ್ಡ್‌ವೇರ್

ನೋಡ್ರಿ ಸರ, ನಮ್ಮ ಅಂಗಡ್ಯಾಗ ಎರಡೂ ಮಾರ್ತೀವಿ, ಒಂದರ ಪರವಾಗಿ ಹೇಳೂದು ನನಗ ಬೇಕಾಗಿಲ್ಲ. ನಿಮ್ಮ ಕಡೆ ಬಿ450 ಆಗಲೇ ಐತಿ. 5600 ತಗೊಂಡ್ರ ಪ್ರೊಸೆಸರ್ ಒಂದಕ್ಕ ರೊಕ್ಕ. 12400 ಅಂದ್ರ ಪ್ರೊಸೆಸರ್ ಜೊತಿ ಬೋರ್ಡೂ ಬೇಕು. ಉಳಿಸಾಕ ಹೋಗಿ ಅಗ್ಗದ ಎಚ್610 ಬೋರ್ಡ್ ಹಾಕಿಸ್ಕೋಬ್ಯಾಡ್ರಿ. ಅದರಾಗ ರ‍್ಯಾಮ್ ಸ್ಲಾಟ್ ಎರಡs ಇರ್ತಾವ, ಮುಂದ ರ‍್ಯಾಮ್ ಹೆಚ್ಚಿಗಿ ಮಾಡೂ ಮುಂದ ಹಳೇವ್ನ ತಗದು ಒಗೀಬೇಕಾಗತೈತಿ. ಡಿಡಿಆರ್4 ಹಾಕೂವಂಥ ಬಿ660 ನೋಡ್ರಿ, ಈಗಿನ ಕಡ್ಡಿಗಳನ್ನs ತಗದು ಹಾಕಬಹುದು.

ಇನ್ನೊಂದ್ ಮಾತು. ಅಂಗಡ್ಯಾಗ 12400ಎಫ್ ಕಡಿಮಿ ರೇಟಿಗೆ ತೋರಸ್ತಾರ. ಎಫ್ ಅಂದ್ರ ಒಳಗ ಗ್ರಾಫಿಕ್ಸ್ ಇಲ್ಲ. ನಿಮಗ ಬ್ಯಾರೆ ಕಾರ್ಡ್ ಐತಿ, ಹಿಂಗಾಗಿ ನಡೀತೈತಿ ಅಂತ ಹೇಳಿ ಕೊಟ್ಟು ಕಳಸ್ತಾರ. ಎಡಿಟಿಂಗ್ ಮಾಡೂ ಮಂದಿಗೆ ಅದು ನಡೀತೈತೋ ಇಲ್ಲೋ ಅನ್ನೂದನ್ನ ಎಡಿಟಿಂಗ್ ಗೊತ್ತಿದ್ದವರು ಹೇಳಬೇಕು.

ತುಂಗಾತೀರ

ಅರಸೀಕೆರೆಯವರೇ, ನಾನು ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡುವವನು. ನಮ್ಮ ಎಡಿಟಿಂಗ್ ಕೋಣೆಯಲ್ಲಿ 5600 ಒಂದು, 12400 ಒಂದು, ಎರಡೂ ಪಕ್ಕಪಕ್ಕದ ಮೇಜಿನ ಮೇಲಿವೆ. ನನ್ನದು 12400, ತಮ್ಮನದು 5600. ಆದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಅವಸರ ಮಾಡದೆ ಓದಿ.

ಸಿನಿಬೆಂಚ್ ಅಂಕ ಸುಳ್ಳಲ್ಲ. ಆದರೆ ಅದು ಅಳೆಯುವುದು 3ಡಿ ಚಿತ್ರ ರೆಂಡರ್ ಮಾಡುವ ಕೆಲಸವನ್ನು. ನಿಮ್ಮ ತೊಂದರೆ ಅದಲ್ಲ. ಚಿತ್ರ ನಿಲ್ಲುತ್ತದೆ, ಸದ್ದು ಓಡುತ್ತದೆ ಎಂದಿರಿ. ಅದು ಡಿಕೋಡ್‌ನ ತೊಂದರೆ. ಕ್ಯಾಮೆರಾ ಒತ್ತಿ ಮಡಚಿ ಕೊಟ್ಟ ಫೈಲನ್ನು ಕಂಪ್ಯೂಟರ್ ಪ್ರತಿ ಸೆಕೆಂಡಿಗೆ 25 ಸಲ ಬಿಡಿಸಬೇಕು. ಅದರಲ್ಲೂ ಈ ಕಡತಗಳಲ್ಲಿ ಪ್ರತಿ ಫ್ರೇಮ್ ಪೂರ್ತಿಯಾಗಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ತಿ ಫ್ರೇಮ್ ಇದ್ದು, ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದಷ್ಟೇ ದಾಖಲಾಗಿರುತ್ತದೆ. ನೀವು ಹಿಂದಕ್ಕೆ ಎಳೆದಾಗ ಕಷ್ಟ ಹೆಚ್ಚುವುದು ಅದಕ್ಕೇ. ಒಂದು ಫ್ರೇಮ್ ತೋರಿಸಲು ಮೆಷಿನ್ ಅದಕ್ಕಿಂತ ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ ಅಲ್ಲಿಂದ ಒಂದೊಂದನ್ನೇ ಲೆಕ್ಕ ಹಾಕುತ್ತಾ ಬರಬೇಕು.

ಈ ಬಿಡಿಸುವ ಕೆಲಸಕ್ಕೆ ಪ್ರತ್ಯೇಕ ಯಂತ್ರಾಂಗವೇ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಇರುತ್ತದೆ. ಇಂಟೆಲ್‌ನಲ್ಲಿ ಅದರ ಹೆಸರು ಕ್ವಿಕ್ ಸಿಂಕ್. ಅದು 12400ರ ಯುಎಚ್‌ಡಿ 730 ಗ್ರಾಫಿಕ್ಸ್ ಒಳಗಿದೆ. ಎಫ್ ಮಾದರಿಯಲ್ಲಿ ಗ್ರಾಫಿಕ್ಸೇ ಇಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇಲ್ಲ. ಹುಬ್ಬಳ್ಳಿಯವರು ಕೇಳಿದ್ದಕ್ಕೆ ಉತ್ತರ: ಎಡಿಟಿಂಗ್‌ಗೆಂದೇ ಇಂಟೆಲ್ ಕೊಳ್ಳುವವರು ಎಫ್ ಕೊಳ್ಳಲೇಬಾರದು. ಇನ್ನು 5600ರಲ್ಲೂ ಗ್ರಾಫಿಕ್ಸ್ ಇಲ್ಲ, ಅದು ಪೂರ್ತಿ ನಿಮ್ಮ ಜಿಟಿಎಕ್ಸ್ 1650 ಮೇಲೆ ಅವಲಂಬಿತ.

ಈಗ ಮುಖ್ಯ ವಿಷಯ. ಯಾವ ಚಿಪ್ ಯಾವ ಬಗೆಯ ಫೈಲ್ ಬಿಡಿಸಬಲ್ಲದು? ಎಚ್.264, ಎಚ್.265 ಎಂದರೆ ವಿಡಿಯೊ ಒತ್ತಿ ಮಡಚುವ ಎರಡು ವಿಧಾನ. ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆಗಳು ಹೆಚ್ಚು. 4:2:0ಗಿಂತ 4:2:2ರಲ್ಲಿ ಬಣ್ಣದ ವಿವರ ಹೆಚ್ಚು ಉಳಿದಿರುತ್ತದೆ.

ಎಚ್.264, 8 ಬಿಟ್, 4:2:0 ಆದರೆ ಎಲ್ಲರೂ ಬಿಡಿಸುತ್ತಾರೆ, ನಿಮ್ಮ 1650 ಕೂಡ. ಎಚ್.265, 10 ಬಿಟ್, 4:2:0 ಆದರೂ 1650 ಬಿಡಿಸುತ್ತದೆ. ಎಚ್.265, 10 ಬಿಟ್, 4:2:2 ಆದರೆ 1650 ಕೈಚೆಲ್ಲುತ್ತದೆ, 12400ರ ಕ್ವಿಕ್ ಸಿಂಕ್ ಆರಾಮಾಗಿ ಬಿಡಿಸುತ್ತದೆ. ನಮ್ಮ ಕೋಣೆಯಲ್ಲಿ ಇಂಥ ಫೈಲ್ ಬಂದರೆ ತಮ್ಮನೂ ನನ್ನ ಕುರ್ಚಿಗೇ ಬಂದು ಕೂರುತ್ತಾನೆ. ಅಲ್ಲಿ ಎರಡು ಪ್ರೊಸೆಸರ್‌ಗಳ ನಡುವೆ ಅಜಗಜಾಂತರ. ಯಾವ ಅಂಕಪಟ್ಟಿಯಲ್ಲೂ ಅಷ್ಟು ಅಂತರ ಕಾಣುವುದಿಲ್ಲ.

ಕೊನೆಯದು ಎಚ್.264, 10 ಬಿಟ್, 4:2:2. ಇದನ್ನು 1650ವೂ ಬಿಡಿಸುವುದಿಲ್ಲ, 12400ರ ಕ್ವಿಕ್ ಸಿಂಕ್ ಕೂಡ ಬಿಡಿಸುವುದಿಲ್ಲ. ಇಲ್ಲಿ ಪ್ರೊಸೆಸರ್‌ನ ಕೋರ್‌ಗಳೇ ಹೆಣಗಬೇಕು.

ಹಾಗಾಗಿ ನಿಮ್ಮ ಫೈಲ್ ಯಾವುದು ಎಂದು ತಿಳಿಯದೆ ಯಾವ ಪ್ರೊಸೆಸರ್ ಎಂದು ಹೇಳಿದರೆ ಅದು ಕುರುಡು ಸಲಹೆ. ಎರಡು ಕೆಲಸ ಮಾಡಿ. ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಎ7 ಫೋರ್‌ನ ಒಂದು ಕ್ಲಿಪ್ ತೆರೆಯಿರಿ. ಫಾರ್ಮ್ಯಾಟ್ ಎದುರು ಎವಿಸಿ ಎಂದಿದ್ದರೆ ಅದು ಎಚ್.264, ಎಚ್‌ಇವಿಸಿ ಎಂದಿದ್ದರೆ ಎಚ್.265. ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎಷ್ಟು, ಬಿಟ್ ಡೆಪ್ತ್ ಎಷ್ಟು ಬರೆದುಕೊಳ್ಳಿ. ಆಮೇಲೆ ಪ್ರೀಮಿಯರ್‌ನಲ್ಲಿ ಅದೇ ಕ್ಲಿಪ್ ಪ್ಲೇ ಮಾಡುತ್ತಾ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಒತ್ತಿ, ವಿಡಿಯೊ ಡಿಕೋಡ್ ಎಂಬ ಗೆರೆ ಏಳುತ್ತದೆಯೇ ನೋಡಿ. ಆ ಗೆರೆ ನೆಲಕ್ಕೆ ಅಂಟಿಕೊಂಡಿದ್ದು ಸಿಪಿಯು ಗೆರೆ ತುದಿ ಮುಟ್ಟಿದ್ದರೆ ಕಾರ್ಡ್ ಕೈಕಟ್ಟಿ ಕುಳಿತಿದೆ ಎಂದರ್ಥ. ಎರಡೂ ಇಲ್ಲಿ ತಿಳಿಸಿ.

ಅರಸೀಕೆರೆ ಸ್ಟುಡಿಯೊ

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಧನ್ಯವಾದ. ನೋಡಿದೆ. ಎ7 ಫೋರ್ ಕ್ಲಿಪ್: ಎವಿಸಿ, 4:2:2, 10 ಬಿಟ್, 25 ಫ್ರೇಮ್. ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಸ್ 4ಕೆ ಎಂದು ಇಟ್ಟಿದ್ದೇವೆ. ಎಸ್-ಲಾಗ್3ನಲ್ಲಿ (ಬಣ್ಣ ಪೇಲವವಾಗಿ ತೆಗೆದು ಆಮೇಲೆ ಎಡಿಟಿಂಗ್‌ನಲ್ಲಿ ಸರಿಮಾಡುವ ಸೆಟ್ಟಿಂಗ್) ಶೂಟ್ ಮಾಡುತ್ತೇವೆ, ರಿಸೆಪ್ಷನ್ ಲೈಟಿಂಗ್‌ನಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ ಎಂದು. ಇನ್ನೊಂದು ಕ್ಯಾಮೆರಾ ಬಾಡಿಗೆಯದು, ಅದು ಎವಿಸಿ, 4:2:0, 8 ಬಿಟ್. ಟಾಸ್ಕ್ ಮ್ಯಾನೇಜರ್‌ನಲ್ಲಿ ನೀವು ಹೇಳಿದ ಹಾಗೇ ಇದೆ. ಎ7 ಫೋರ್ ಕ್ಲಿಪ್ ಓಡುವಾಗ ವಿಡಿಯೊ ಡಿಕೋಡ್ ಸೊನ್ನೆ, ಸಿಪಿಯು 100. ಬಾಡಿಗೆ ಕ್ಯಾಮೆರಾದ ಕ್ಲಿಪ್ ಓಡುವಾಗ ಡಿಕೋಡ್ ಗೆರೆ ಏಳುತ್ತದೆ, ಚಿತ್ರವೂ ನಿಲ್ಲುವುದಿಲ್ಲ.

ಹಾಗಾದರೆ ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಅಂತ ಬದಲಿಸಿಕೊಂಡರೆ ಅದು ಎಚ್.265 ಆಗುತ್ತದಲ್ಲವೇ? ಆಗ 12400 ತಗೊಂಡರೆ ಎಲ್ಲಾ ಸರಿಹೋಗುತ್ತದೆಯೇ?

ತುಂಗಾತೀರ

ಒಳ್ಳೆಯ ಪ್ರಶ್ನೆ, ಸರಿಯಾದ ದಿಕ್ಕಿನಲ್ಲೇ ಯೋಚಿಸುತ್ತಿದ್ದೀರಿ. ಆದರೆ ನಿಮ್ಮ ಕ್ಯಾಮೆರಾದಲ್ಲಿ ಒಂದು ತೊಡಕಿದೆ. ನಮ್ಮಲ್ಲಿ ಸಾಮಾನ್ಯವಾಗಿ ಪ್ಯಾಲ್ ಮೋಡ್ (25, 50 ಫ್ರೇಮ್‌ನ ಪದ್ಧತಿ) ಇಟ್ಟಿರುತ್ತೇವೆ. ಎ7 ಫೋರ್‌ನಲ್ಲಿ ಪ್ಯಾಲ್ ಇಟ್ಟು ಎಚ್‌ಎಸ್ 4ಕೆ ಆರಿಸಿದರೆ 25 ಫ್ರೇಮ್ ಸಿಗುವುದಿಲ್ಲ, 50 ಮಾತ್ರ. ಈ ಕ್ಯಾಮೆರಾದಲ್ಲಿ 4ಕೆ 50 ಎಂದರೆ ಸೆನ್ಸರ್‌ನ ನಡುಭಾಗ ಮಾತ್ರ ಬಳಕೆಯಾಗುತ್ತದೆ. ಅಂದರೆ ಚಿತ್ರ ಒಂದೂವರೆ ಪಟ್ಟು ಹತ್ತಿರ ಬಂದಂತೆ. ಚೌಟ್ರಿಯಲ್ಲಿ ಮಂಟಪದ ಎದುರು ನಿಂತು, ಪುರೋಹಿತರು, ವಧು ವರ, ಎರಡೂ ಕಡೆಯ ತಂದೆ ತಾಯಿ, ಹಿಂದೆ ಅಂತರಪಟ ಹಿಡಿದವರು, ಇಷ್ಟೂ ಜನ ಒಂದೇ ಫ್ರೇಮಿನಲ್ಲಿ ಬರಬೇಕು. ಬೆನ್ನ ಹಿಂದೆ ನೆಂಟರ ಕುರ್ಚಿ, ಹಿಂದೆ ಸರಿಯಲು ಜಾಗ ಇರುವುದಿಲ್ಲ. ಅಲ್ಲಿ ಅಗಲದ ಲೆನ್ಸ್ ಕಿರಿದಾದರೆ ಕೆಲಸ ಕೆಡುತ್ತದೆ. ಎನ್‌ಟಿಎಸ್‌ಸಿ ಮೋಡಿಗೆ (24, 30, 60 ಫ್ರೇಮ್‌ನ ಪದ್ಧತಿ) ಹೋದರೆ ಎಚ್‌ಎಸ್‌ನಲ್ಲಿ 24 ಫ್ರೇಮ್ ಸಿಗುತ್ತದೆ, ಪೂರ್ತಿ ಸೆನ್ಸರೂ ಸಿಗುತ್ತದೆ. ಶಟರ್ 1/50 ಇಟ್ಟುಕೊಂಡರೆ ಟ್ಯೂಬ್‌ಲೈಟ್ ಮಿಣುಕುವುದೂ ಇಲ್ಲ. ಆದರೆ ಬಾಡಿಗೆ ಕ್ಯಾಮೆರಾದವರು 25ರಲ್ಲಿ ಕೊಟ್ಟರೆ ಒಂದೇ ಟೈಮ್‌ಲೈನ್‌ನಲ್ಲಿ 24 ಮತ್ತು 25 ಬೆರೆಯುತ್ತವೆ. ಮಲ್ಟಿಕ್ಯಾಮ್ ಕಟ್ ಮಾಡುವವರಿಗೆ ಅದು ಬೇಡದ ತಲೆನೋವು. ಪ್ರತಿ ಸಲ ಅವರಿಗೂ ಹೇಳಿ ಅವರ ಕ್ಯಾಮೆರಾವನ್ನೂ 24ಕ್ಕೆ ಇಡಿಸುವಂತಿದ್ದರೆ ಮಾತ್ರ ಆ ದಾರಿ.

ಎಸ್-ಲಾಗ್ ಬಿಟ್ಟು 8 ಬಿಟ್‌ಗೆ ಇಳಿಯಿರಿ ಎಂದು ನಾನು ಹೇಳುವುದಿಲ್ಲ. ಲಾಗ್‌ನಲ್ಲಿ ತೆಗೆದು 8 ಬಿಟ್‌ನಲ್ಲಿ ಉಳಿಸಿದರೆ ರಿಸೆಪ್ಷನ್ ಬ್ಯಾಕ್‌ಡ್ರಾಪ್‌ನ ನೇರಳೆ ಬೆಳಕು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಮದುಮಗಳ ಮುಖದ ಮೇಲೂ ಅದೇ ಆಗುತ್ತದೆ. ದುಡ್ಡು ಕೊಟ್ಟು ಒಳ್ಳೆಯ ಕ್ಯಾಮೆರಾ ತಂದಿದ್ದೀರಿ, ಅದರ ಗುಣವನ್ನು ಕಂಪ್ಯೂಟರ್‌ಗೋಸ್ಕರ ಬಿಟ್ಟುಕೊಡಬೇಡಿ.

ಎಕ್ಸ್‌ಎವಿಸಿ ಎಸ್-ಐ ಎಂಬ ಇನ್ನೊಂದು ಆಯ್ಕೆ ಇದೆ. ಅದರಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿರುತ್ತದೆ, ಟೈಮ್‌ಲೈನ್ ಎಳೆದಾಡಲು ಹಗುರ. ಆದರೆ 25 ಫ್ರೇಮಿಗೆ ಸೆಕೆಂಡಿಗೆ 250 ಮೆಗಾಬಿಟ್, ಗಂಟೆಗೆ 112 ಜಿಬಿ ದಾಟುತ್ತದೆ. ಈಗಿನ 140 ಮೆಗಾಬಿಟ್‌ಗೆ ಗಂಟೆಗೆ 63 ಜಿಬಿ. ಹಿಂದಿನ ಸಂಜೆಯ ರಿಸೆಪ್ಷನ್‌ನಿಂದ ಮರುದಿನ ಊಟದವರೆಗೆ ಓಡುವ ನಮ್ಮ ಮದುವೆಗಳಿಗೆ ಅದು ಕಾರ್ಡಿಗೂ ಹಾರ್ಡ್ ಡಿಸ್ಕಿಗೂ ಭಾರ.

ಆದ್ದರಿಂದ ನಿಮ್ಮ ಈಗಿನ ಫೈಲಿನ ಮಟ್ಟಿಗೆ ಕ್ವಿಕ್ ಸಿಂಕ್‌ನಿಂದ ಲಾಭವಿಲ್ಲ. ಬರೇ ಕೋರ್‌ಗಳ ಬಲ ನೋಡಬೇಕು, ಅದರಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ನನ್ನ ಮೇಜಿನ ಮೇಲೂ ಎಚ್.264 4:2:2 ಕ್ಲಿಪ್‌ಗಳು ಎರಡು ಮೆಷಿನ್‌ನಲ್ಲೂ ಒಂದೇ ರೀತಿ ಓಡುತ್ತವೆ. ಒಂದು ಕ್ಲಿಪ್ ಇದ್ದರೆ ತಡೆಯಿಲ್ಲ, ಎರಡು ಕ್ಯಾಮೆರಾ ಒಂದರ ಮೇಲೊಂದು ಇಟ್ಟು ಬಣ್ಣ ಸರಿಮಾಡುವ ಲುಮೆಟ್ರಿ ಹಾಕಿದರೆ ಎರಡೂ ಏದುಸಿರು ಬಿಡುತ್ತವೆ. ಅಲುಗಾಡಿದ ಶಾಟ್ ಸ್ಥಿರಗೊಳಿಸುವ ವಾರ್ಪ್ ಸ್ಟೆಬಿಲೈಸರ್ ವಿಶ್ಲೇಷಣೆಯಲ್ಲಿ 12400 ತುಸು ಬೇಗ ಮುಗಿಸುತ್ತದೆ, ಅಷ್ಟೆ. ಆ ತುಸುವಿಗಾಗಿ ಬೋರ್ಡಿನ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಸಲಹೆ ನೇರವಾಗಿ: 5600 ತಗೊಳ್ಳಿ. ಬೋರ್ಡಿನ ದುಡ್ಡು ಉಳಿಯುತ್ತದಲ್ಲ, ಅದರಲ್ಲಿ ರ‍್ಯಾಮ್ 32 ಜಿಬಿ ಮಾಡಿ, ಪ್ರೀಮಿಯರ್ ಕ್ಯಾಶ್‌ಗೆ ಒಂದು ಎಸ್‌ಎಸ್‌ಡಿ ಬೇರೆಯಾಗಿ ಇಡಿ. ಜೊತೆಗೆ ಕ್ಯಾಮೆರಾದಲ್ಲೇ ಪ್ರಾಕ್ಸಿ ರೆಕಾರ್ಡಿಂಗ್ ಆನ್ ಮಾಡಿ. ಎ7 ಫೋರ್ ಮೂಲ ಫೈಲಿನ ಜೊತೆಜೊತೆಗೆ ಚಿಕ್ಕ ಫೈಲನ್ನೂ ಬರೆಯುತ್ತದೆ. ಪ್ರೀಮಿಯರ್‌ನಲ್ಲಿ ಅವನ್ನು ಅಟ್ಯಾಚ್ ಮಾಡಿಕೊಂಡು ಕಟ್ ಮಾಡಿ, ಎಕ್ಸ್‌ಪೋರ್ಟ್ ಮಾಡುವಾಗ ಅದು ತಾನಾಗಿ ಮೂಲ 4ಕೆ ಫೈಲ್‌ನ್ನೇ ಎತ್ತಿಕೊಳ್ಳುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಿಮ್ಮ 2600ರಲ್ಲೇ ಈ ವಾರ ಮಾಡಿ ನೋಡಬಹುದು.

ಇದೇ ಪ್ರಶ್ನೆಯನ್ನು ಏನೂ ಇಲ್ಲದೆ ಹೊಸದಾಗಿ ಶುರು ಮಾಡುವವರು, ಎಚ್.265 4:2:2 ಶೂಟ್ ಮಾಡುವವರು ಕೇಳಿದ್ದರೆ ಎರಡನೆಯ ಮಾತಿಲ್ಲದೆ ಎಫ್ ಇಲ್ಲದ 12400 ಎನ್ನುತ್ತಿದ್ದೆ. ಅಂಥವರು ಇದನ್ನು ಓದುತ್ತಿದ್ದರೆ ಒಂದು ಸೂಚನೆ: ಬೇರೆ ಕಾರ್ಡ್ ಹಾಕಿದಾಗ ಎಷ್ಟೋ ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡುತ್ತವೆ. ಬಯೋಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶ) ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಆನ್ ಮಾಡಿ, ಆಮೇಲೆ ಪ್ರೀಮಿಯರ್‌ನ ಮೀಡಿಯಾ ಸೆಟ್ಟಿಂಗ್‌ನಲ್ಲಿ ಇಂಟೆಲ್ ಡಿಕೋಡಿಂಗ್‌ಗೆ ಟಿಕ್ ಹಾಕಿ. ಇಲ್ಲದಿದ್ದರೆ ದುಡ್ಡು ಕೊಟ್ಟ ಅಂಗ ಕೆಲಸವನ್ನೇ ಮಾಡುವುದಿಲ್ಲ.

ಎಸ್‌ಪಿ ರೋಡ್ ಸುತ್ತಾಟ

ತುಂಗಾತೀರ ಅವರು ಹೇಳಿದ್ದು ಒಪ್ಪುವ ಮಾತು, ಇಂಥ ಸಂದರ್ಭದಲ್ಲಿ 5600ಕ್ಕೇ ನನ್ನ ಮತವೂ. ಮುಂದಕ್ಕೆ ಒಂದು ಸೇರಿಸುತ್ತೇನೆ. ಎನ್ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳು ಎಚ್.264, ಎಚ್.265 ಎರಡರಲ್ಲೂ 10 ಬಿಟ್ 4:2:2 ಬಿಡಿಸುತ್ತವೆ. ಮುಂದಿನ ವರ್ಷ ಕಾರ್ಡ್ ಬದಲಿಸುವ ಯೋಚನೆ ಇದ್ದರೆ ಅದರತ್ತ ನೋಡಿ. ಅದು ಬಂದರೆ ನಿಮ್ಮ ಈಗಿನ ಫೈಲ್‌ಗಳೇ ನೇರವಾಗಿ ಓಡುತ್ತವೆ, ಕ್ಯಾಮೆರಾ ಮೋಡ್ ಬದಲಿಸುವ ಗೋಜಿಲ್ಲ. ಇಂಟೆಲ್‌ನ ಆರ್ಕ್ ಕಾರ್ಡ್ ಅಗ್ಗ, ಆದರೆ ಅದರ ಬಲ ಎಚ್.265 4:2:2ಗೆ ಮಾತ್ರ, ನಿಮ್ಮದು ಅದಲ್ಲ.

ಅರಸೀಕೆರೆ ಸ್ಟುಡಿಯೊ

ಎಲ್ಲರಿಗೂ ಕೃತಜ್ಞತೆ. ಪ್ರಾಕ್ಸಿ ಆನ್ ಮಾಡಿ ಒಂದು ನಾಮಕರಣ ಎಡಿಟ್ ಮಾಡಿ ನೋಡಿದೆ. ಕಟ್ ಮಾಡುವಾಗ ಚಿತ್ರ ಎಲ್ಲೂ ನಿಲ್ಲಲಿಲ್ಲ. ಬಣ್ಣ ಸರಿಮಾಡುವಾಗ ಪ್ರಾಕ್ಸಿ ಆಫ್ ಮಾಡಿದರೆ ಮತ್ತೆ ಹಳೇ ಕಥೆ, ಎಕ್ಸ್‌ಪೋರ್ಟೂ ನಿಧಾನ. ಅದಕ್ಕೆ 5600 ತರುವುದೆಂದು ನಿರ್ಧರಿಸಿದ್ದೇನೆ. ಪ್ರೊಸೆಸರ್ ನಾನೇ ಬದಲಿಸಬಹುದೇ, ಅಥವಾ ಅಂಗಡಿಗೆ ಒಯ್ಯಬೇಕೇ? ಬಯೋಸ್ ಅಪ್‌ಡೇಟ್ ಮಾಡಬೇಕು ಅಂತ ಭಾವಮೈದ ಹೇಳಿದ.

ಹುಬ್ಬಳ್ಳಿ ಹಾರ್ಡ್‌ವೇರ್

ನೀವs ಮಾಡಬಹುದು ಸರ, ಹೆದರಬ್ಯಾಡ್ರಿ. ಆದ್ರ ಕ್ರಮ ತಪ್ಪಬಾರ್ದು. ಹಳೇ 2600 ಬೋರ್ಡಿನ್ಯಾಗ ಇರೂ ಮುಂದನs ಬಯೋಸ್ ಅಪ್‌ಡೇಟ್ ಮಾಡ್ರಿ. ಹಳೇ ಬಯೋಸ್ ಇದ್ದಾಗ 5600 ಹಾಕಿದ್ರ ಪರದೆ ಹತ್ತೂದಿಲ್ಲ. ಬೋರ್ಡ್ ಕಂಪನಿ ವೆಬ್‌ಸೈಟಿನ್ಯಾಗ ನಿಮ್ಮ ಬೋರ್ಡಿನ ಪೂರ್ತಿ ಹೆಸರು, ರಿವಿಜನ್ ನಂಬರ್ ಸಮೇತ ಹುಡುಕ್ರಿ. 5600 ಹೆಸರಿನ ಮುಂದ ಯಾವ ಬಯೋಸ್ ಆವೃತ್ತಿ ಬರದಾರ ನೋಡ್ರಿ. ಕೆಲವು ಬೋರ್ಡಿಗೆ ನಡುವಿಂದೊಂದು ಆವೃತ್ತಿ ಮೊದಲ ಹಾಕಬೇಕಾಗತೈತಿ, ಅಲ್ಲೇ ಬರದಿರ್ತಾರ. ಅಪ್‌ಡೇಟ್ ನಡದಾಗ ಕರೆಂಟ್ ಹೋದ್ರ ಬೋರ್ಡ್ ಕೈ ಕೊಡಬಹುದು, ಯುಪಿಎಸ್ ಇಲ್ಲದs ಕೈ ಹಚ್ಚಬ್ಯಾಡ್ರಿ.

ತುಂಗಾತೀರ

ಹುಬ್ಬಳ್ಳಿಯವರ ಮಾತಿಗೆ ಎರಡು ಸೇರಿಸುತ್ತೇನೆ.

ಕೂಲರ್ ತೆಗೆಯುವ ಮುಂಚೆ ಮೆಷಿನ್ ಸ್ವಲ್ಪ ಹೊತ್ತು ಓಡಿಸಿ, ಒಂದು ಎಕ್ಸ್‌ಪೋರ್ಟ್ ಹಾಕಿದರೂ ಸಾಕು. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಪೇಸ್ಟ್ ಬಿಸಿಗೆ ಮೆತ್ತಗಾಗುತ್ತದೆ. ಆಮೇಲೆ ಮೆಷಿನ್ ಆಫ್ ಮಾಡಿ, ವೈರ್ ಕಿತ್ತು, ಕೂಲರ್ ಸ್ಕ್ರೂ ಬಿಚ್ಚಿ, ನೇರ ಮೇಲಕ್ಕೆ ಎತ್ತದೆ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸುತ್ತಾ ಬಿಡಿಸಿಕೊಳ್ಳಿ. ಎಎಂ4 ಪ್ರೊಸೆಸರ್‌ನಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ. ಪೇಸ್ಟ್ ಒಣಗಿ ಹಿಡಿದುಕೊಂಡಿದ್ದಾಗ ಜಗ್ಗಿದರೆ ಸಾಕೆಟ್ಟಿನ ಲಿವರ್ ಹಾಕಿರುವಾಗಲೇ ಪ್ರೊಸೆಸರ್ ಕೂಲರ್ ಜೊತೆ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಹೊಸದನ್ನು ಇಡುವಾಗ ಮೂಲೆಯ ಚಿಕ್ಕ ತ್ರಿಕೋನ ಗುರುತು ಸಾಕೆಟ್ಟಿನ ಗುರುತಿಗೆ ಕೂಡಿಸಿ. ತನ್ನ ಭಾರಕ್ಕೆ ತಾನೇ ಇಳಿಯಬೇಕು, ಒತ್ತಬಾರದು.

ಇನ್ನೊಂದು: ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅಥವಾ ಈ ಕೆಲಸ ಮುಗಿಯುವವರೆಗೆ ಅದನ್ನು ಸಸ್ಪೆಂಡ್ ಮಾಡಿ. ಹೊಸ ಪ್ರೊಸೆಸರ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಎಫ್‌ಟಿಪಿಎಂ (ಬೀಗದ ಕೀ ಇಟ್ಟುಕೊಳ್ಳುವ ಭದ್ರತಾ ಭಾಗ) ರೀಸೆಟ್ ಮಾಡಲು ವೈ ಒತ್ತಿ, ಬೇಡವಾದರೆ ಎನ್ ಒತ್ತಿ ಎಂದು ಬರಬಹುದು. ಗಾಬರಿ ಬೇಡ, ಮೆಷಿನ್ ಕೆಟ್ಟಿಲ್ಲ. ಕೀ ಕೈಯಲ್ಲಿದ್ದರೆ ಧೈರ್ಯವಾಗಿ ವೈ ಒತ್ತಿ. ಕೊನೆಗೆ ಬಯೋಸ್‌ಗೆ ಹೋಗಿ ರ‍್ಯಾಮ್ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಮತ್ತೆ ಆನ್ ಮಾಡಿ, ಬಯೋಸ್ ಅಪ್‌ಡೇಟ್ ಆದಾಗ ಅದು ಆಫ್ ಆಗಿರುತ್ತದೆ.